ಆನೆ ಎಲ್ಲಿದೆ ಅಂತ ನಿಮಗೆ ಗೊತ್ತು, ಊರಿಗೂ ಹೇಳಿ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ,

ಸರಗೂರು ತಾಲ್ಲೂಕಿನ ಕಾಡಂಚಿನಿಂದ ನಮಸ್ಕಾರಗಳು.

ಈ ಪತ್ರದಲ್ಲಿ ನಾನು ಪರಿಹಾರದ ಹಣ ಜಾಸ್ತಿ ಮಾಡಿ ಅಂತ ಕೇಳುತ್ತಿಲ್ಲ. ಆನೆ ಕಂದಕ ತೋಡಿಸಿ, ರೈಲು ಕಂಬಿ ಬೇಲಿ ಹಾಕಿಸಿ ಅಂತಲೂ ಕೇಳುತ್ತಿಲ್ಲ. ಅವೆಲ್ಲ ಬೇಕು. ಕೇಳೋರೂ ಬೇಕಾದಷ್ಟು ಜನ ಇದ್ದಾರೆ. ನನ್ನದು ಸಣ್ಣ ಬೇಡಿಕೆ. ಸಂಜೆ ಐದು ಗಂಟೆಗೆ ನಿಮ್ಮ ಇಲಾಖೆಗೆ ಗೊತ್ತಿರುವ ವಿಷಯ ಕತ್ತಲಾಗುವ ಮುಂಚೆ ನಮಗೂ ಗೊತ್ತಾಗಬೇಕು. ಆನೆ ಹಿಂಡು ಯಾವ ಕಡೆಗಿದೆ, ಒಂಟಿ ಸಲಗ ಯಾವ ಕೆರೆ ಹತ್ತಿರ ಕಾಣಿಸಿತು, ಹುಲಿ ಹೆಜ್ಜೆ ಯಾವ ಊರಿನ ಎಲ್ಲೆಯಲ್ಲಿ ಸಿಕ್ಕಿತು. ಇಷ್ಟೇ. ಇದನ್ನು ಹೇಳೋಕೆ ಹೊಸ ಆ್ಯಪ್ ಬೇಡ. ಸಮುದಾಯ ರೇಡಿಯೋ ಇದೆ, ಅಂದರೆ ಊರಿನ ಸಂಸ್ಥೆಯೇ ನಡೆಸುವ, ಸುತ್ತಲ ಹಳ್ಳಿಗಳಿಗಷ್ಟೇ ಕೇಳುವ ಸಣ್ಣ ಎಫ್‌ಎಂ. ಅದನ್ನು ಇಲಾಖೆಯ ದಿನದ ಕೆಲಸಕ್ಕೆ ಸೇರಿಸಿಕೊಳ್ಳಿ.

ಇಲಾಖೆಗೆ ಏನೂ ಗೊತ್ತಾಗಲ್ಲ ಅಂತ ಊರಲ್ಲಿ ಮಾತಾಡುವವರಿದ್ದಾರೆ. ನಾನು ಆ ಗುಂಪಿನವಳಲ್ಲ. ವಾಚರ್‌ಗಳು ದಿನಾ ಬೆಳಗಾದರೆ ಹೆಜ್ಜೆ, ಲದ್ದಿ, ಮುರಿದ ಬೇಲಿ ನೋಡಿಕೊಂಡೇ ಓಡಾಡುತ್ತಾರೆ. ಪ್ರಾಣಿ ಹಾದುಹೋದರೆ ತಾನಾಗೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ಗಳಿವೆ. ಕೆಲವು ಆನೆಗಳ ಕೊರಳಿಗೆ, ಅವು ಎಲ್ಲಿವೆ ಅಂತ ತಿಳಿಸುವ ರೇಡಿಯೋ ಕಾಲರ್ ಇದೆ. 2022ರಲ್ಲಿ ಮೈಸೂರು, ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಗೆ ಆನೆ ಕಾರ್ಯಪಡೆ ಮಾಡಿದಿರಿ. ಆ ಹುಡುಗರು ರಾತ್ರಿಯೆಲ್ಲ ಜೀಪಿನಲ್ಲಿ ಸುತ್ತುತ್ತಾರೆ. ಹಾಸನದ ಕಡೆ ಭೀಮ, ಕ್ಯಾಪ್ಟನ್, ಓಲ್ಡ್ ಬೆಲ್ಟ್ ಅಂತ ಒಂದೊಂದು ಆನೆಗೂ ಹೆಸರಿದೆ, ಅದರ ಗುಣ ಗೊತ್ತಿದೆ, ಯಾವ ತೋಟದಿಂದ ಯಾವ ತೋಟಕ್ಕೆ ಹೋಗುತ್ತದೆ ಅನ್ನೋ ಅಂದಾಜೂ ಇದೆ. ಅಂದರೆ ಮಾಹಿತಿ ಇದೆ. ಅದು ನಡೆದು ಬರುವ ದಾರಿಯಲ್ಲಿ ಎಲ್ಲೋ ನಿಂತುಬಿಡುತ್ತದೆ.

ನಿಂತುಬಿಡುವುದು ಎಲ್ಲಿ ಅಂತ ಹೇಳುತ್ತೇನೆ. ವಾಟ್ಸಾಪ್ ಗ್ರೂಪಿನಲ್ಲಿ. ಗ್ರೂಪು ಮಾಡಿರುವುದು ಒಳ್ಳೆಯದೇ. ಆದರೆ ಅದರಲ್ಲಿ ಇರುವವರು ಪಂಚಾಯಿತಿ ಮೆಂಬರು, ಡೈರಿ ಕಾರ್ಯದರ್ಶಿ, ನಾಲ್ಕು ಜನ ಹುಡುಗರು. ಬೆಳಿಗ್ಗೆ ಕತ್ತಲಲ್ಲೇ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಡುವ ಹೆಂಗಸಿನ ಕೈಯಲ್ಲಿ ಸ್ಮಾರ್ಟ್ ಫೋನ್ ಇರುವುದಿಲ್ಲ. ಇದ್ದರೂ ಅದನ್ನು ಮಗ ಓದೋಕೆ ಅಂತ ಇಟ್ಟುಕೊಂಡಿರುತ್ತಾನೆ. ಹತ್ತಿ ಬಿಡಿಸೋಕೆ ಕೂಲಿಗೆ ಬಂದವರು ಬೇರೆ ಊರಿನವರು, ಅವರು ಯಾವ ಗ್ರೂಪಿನಲ್ಲೂ ಇಲ್ಲ. ಆದಿವಾಸಿಗಳ ಹಾಡಿಗಳಲ್ಲಿ ಸಿಗ್ನಲ್ಲೇ ಇಲ್ಲ. ಇನ್ನು ಮೈಕಿನ ಜೀಪು. ಅದು ಬಂದು "ಯಾರೂ ಹೊರಗೆ ಬರಬೇಡಿ" ಅಂತ ಕೂಗಿಕೊಂಡು ಹೋಗುತ್ತದೆ. ಎಷ್ಟು ಹೊತ್ತಿನವರೆಗೆ ಬರಬಾರದು, ಯಾವ ದಾರಿಯಲ್ಲಿ ಬರಬಾರದು, ಆನೆ ಹೋಯಿತಾ ಇಲ್ಲವಾ, ಇದನ್ನು ಹೇಳೋಕೆ ಜೀಪು ವಾಪಸ್ ಬರುವುದಿಲ್ಲ. ಒಂದು ಅರಣ್ಯ ವಲಯದಲ್ಲಿ ಹಳ್ಳಿಗಳೆಷ್ಟು, ಜೀಪುಗಳೆಷ್ಟು, ನಿಮಗೇ ಗೊತ್ತು.

ಇದರ ಬೆಲೆ ಏನು ಅಂತ ಬೇಲೂರು ಮಖನಾ (ಮಖನಾ ಅಂದರೆ ದಂತ ಇಲ್ಲದ ಗಂಡಾನೆ) ತೋರಿಸಿಕೊಟ್ಟಿತು. 2023ರ ಕೊನೆಗೆ ಹಾಸನ ಜಿಲ್ಲೆಯಲ್ಲಿ ಹಿಡಿದು, ಕಾಲರ್ ಹಾಕಿ, ಬಂಡೀಪುರದ ಕಾಡಿಗೆ ಬಿಟ್ಟ ಆನೆ ಅದು. ಅದಕ್ಕೆ ರಾಜ್ಯದ ಗಡಿ ಗೊತ್ತಿಲ್ಲವಲ್ಲ. ನಡೆಯುತ್ತಾ ವಯನಾಡಿಗೆ ಹೋಯಿತು. 2024ರ ಫೆಬ್ರವರಿ 10ರ ಬೆಳಿಗ್ಗೆ ಮಾನಂದವಾಡಿ ಹತ್ತಿರದ ಪಡಮಲದಲ್ಲಿ ಒಬ್ಬರನ್ನು ಕೊಂದಿತು. ಅವರು ಆನೆ ಕಂಡು ಪಕ್ಕದ ಮನೆಯ ಕಾಂಪೌಂಡಿಗೆ ಓಡಿದ್ದರು. ಆನೆ ಅಲ್ಲಿಗೂ ನುಗ್ಗಿತು. ಆಮೇಲೆ ಎರಡು ರಾಜ್ಯಗಳ ನಡುವೆ ವಾದ ನಡೆಯಿತು. ಕಾಲರಿನ ಮಾಹಿತಿ ಕೊಟ್ಟಿದ್ದೆವು ಅಂತ ಒಬ್ಬರು, ಸರಿಯಾಗಿ ಸಿಗಲಿಲ್ಲ ಅಂತ ಇನ್ನೊಬ್ಬರು. ಯಾರದು ಸರಿ ಅನ್ನುವುದು ನನ್ನ ಪ್ರಶ್ನೆ ಅಲ್ಲ. ಕೊರಳಲ್ಲಿ ಯಂತ್ರ ಕಟ್ಟಿಕೊಂಡು ತಿರುಗುತ್ತಿದ್ದ ಆನೆ ಅದು. ಅದು ಬರುವುದು ರಸ್ತೆಯಲ್ಲಿದ್ದ ಮನುಷ್ಯನಿಗೆ ಕಣ್ಣಿಗೆ ಕಾಣುವವರೆಗೂ ಗೊತ್ತಾಗಲಿಲ್ಲ. ಮಾನಂದವಾಡಿ ಪಕ್ಕದ ದ್ವಾರಕದಲ್ಲಿ 2009ರಿಂದ ರೇಡಿಯೋ ಮಾಟ್ಟೊಲಿ ಅನ್ನೋ ಸಮುದಾಯ ರೇಡಿಯೋ ಇದೆ. ಆದಿವಾಸಿ ಭಾಷೆಗಳಲ್ಲೂ ಕಾರ್ಯಕ್ರಮ ಮಾಡುತ್ತದೆ. ಕಾಲರ್ ಕಳಿಸುತ್ತಿದ್ದ ಲೊಕೇಶನ್ನು ಹೊತ್ತುಹೊತ್ತಿಗೆ ಆ ಮೈಕಿನವರೆಗೂ ಬರುವುದು ಕಡ್ಡಾಯ ಆಗಿದ್ದಿದ್ದರೆ? ಅವತ್ತಿನ ಬೆಳಿಗ್ಗೆ ಬೇರೆ ಥರ ಇರುತ್ತಿತ್ತು ಅಂತ ಖಚಿತವಾಗಿ ಹೇಳಲಾರೆ. ಆದರೆ ಆ ಪ್ರಶ್ನೆಯನ್ನು ಯಾರೂ ಕೇಳದೇ ಬಿಡಬಾರದು.

ಆ ಘಟನೆ ಆದ ಮುಂದಿನ ತಿಂಗಳೇ ಕರ್ನಾಟಕ, ಕೇರಳದ ಸಚಿವರು ಬಂಡೀಪುರದಲ್ಲಿ ಕೂತು ಒಪ್ಪಂದಕ್ಕೆ ಸಹಿ ಹಾಕಿದರು. ಮಾಹಿತಿ ಹಂಚಿಕೊಳ್ಳೋಣ ಅಂತ ಮಾತಾಯಿತು. ಸಂತೋಷ. ಆದರೆ ಇಲಾಖೆ ಇಲಾಖೆಗೆ ಹೇಳಿದರೆ ಕೆಲಸ ಅರ್ಧ ಆದಂತೆ. ಇಲಾಖೆ ಊರಿಗೆ ಹೇಳುವುದು ಉಳಿದ ಅರ್ಧ.

ತಮಿಳುನಾಡಿನ ವಾಲ್ಪಾರೈ ಕಥೆ ನಿಮ್ಮ ಅಧಿಕಾರಿಗಳಿಗೆ ಚೆನ್ನಾಗಿ ಗೊತ್ತು. ಅಲ್ಲಿ ಟೀ ತೋಟಗಳ ನಡುವೆ ಆನೆಗಳು ಓಡಾಡುತ್ತವೆ. ನೇಚರ್ ಕನ್ಸರ್ವೇಷನ್ ಫೌಂಡೇಶನ್‌ನವರು ಅಲ್ಲಿ ಆನೆಯಿಂದ ಸತ್ತವರ ಪ್ರಕರಣಗಳನ್ನು ಒಂದೊಂದಾಗಿ ನೋಡಿದರು. ಬಹುಪಾಲು ಜನಕ್ಕೆ ಹತ್ತಿರದಲ್ಲಿ ಆನೆ ಇದೆ ಅನ್ನೋದೇ ಗೊತ್ತಿರಲಿಲ್ಲ. ಅವರು ಆನೆಯನ್ನು ಓಡಿಸೋಕೆ ಹೋದವರಲ್ಲ, ಸುಮ್ನೆ ಮನೆಗೆ ಹೋಗುತ್ತಿದ್ದವರು. ಹಾಗಾಗಿ ಆನೆ ಎಲ್ಲಿದೆ ಅಂತ ಲೋಕಲ್ ಕೇಬಲ್ ಟಿವಿಯಲ್ಲಿ ಪಟ್ಟಿ ಓಡಿಸಿದರು. ಮೊಬೈಲಿಗೆ ಮೆಸೇಜ್ ಕಳಿಸಿದರು. ಫೋನಿನಿಂದಲೇ ಹೊತ್ತಿಸಬಹುದಾದ ಕೆಂಪು ದೀಪಗಳನ್ನು ಆಯಕಟ್ಟಿನ ಜಾಗದಲ್ಲಿ ಹಾಕಿದರು. ಸಾವು ಕಡಿಮೆಯಾಯಿತು. ಆಮೇಲೆ ಅದೇ ಮಾದರಿ ನಮ್ಮ ಹಾಸನಕ್ಕೂ ಬಂತು, ಕನ್ನಡದಲ್ಲೇ ಧ್ವನಿ ಕರೆ ಬರುವ ಹಾಗೆ ಮಾಡಿದರು. ಇದೆಲ್ಲ ಆಗಿರುವುದು ನಿಮ್ಮ ಇಲಾಖೆಯ ಜೊತೆಯಲ್ಲೇ. ನಾನು ಹೇಳುತ್ತಿರುವುದು ಅದರ ಮುಂದಿನ ಹೆಜ್ಜೆ ಅಷ್ಟೇ. ಮೆಸೇಜಿಗೆ ನಂಬರು ನೋಂದಾಯಿಸಬೇಕು, ಸಿಗ್ನಲ್ ಬೇಕು, ಓದೋಕೆ ಬರಬೇಕು. ರೇಡಿಯೋಗೆ ಈ ಮೂರೂ ಬೇಡ.

ರೇಡಿಯೋ ಯಾರು ಕೇಳುತ್ತಾರೆ ಅಂತ ಬೆಂಗಳೂರಿನಲ್ಲಿ ಕೇಳಬಹುದು. ರಾಗಿ ಹೊಲದ ಅಟ್ಟಣೆ ಮೇಲೆ ರಾತ್ರಿ ಕಾವಲು ಕೂತವರನ್ನು ಕೇಳಿ. ಚಳಿ, ನಿದ್ದೆ, ಭಯ ಮೂರನ್ನೂ ತಡೆಯೋಕೆ ಅವರ ಹತ್ತಿರ ಇರುವುದು ಬೆಂಕಿ, ಬ್ಯಾಟರಿ ಮತ್ತು ಹಾಡು. ಕೀಪ್ಯಾಡ್ ಫೋನಿನಲ್ಲೂ ಎಫ್‌ಎಂ ಬರುತ್ತದೆ. ಡೇಟಾ ಖರ್ಚಾಗಲ್ಲ. ಒಬ್ಬರು ಹಾಕಿದರೆ ಪಕ್ಕದ ಹೊಲದವರಿಗೂ ಕೇಳುತ್ತದೆ. ಹಾಡಿನ ಮಧ್ಯೆ "ಆನೆ ಹಿಂಡು ಈಗ ಕೆರೆ ಏರಿ ದಾಟಿ ಪೂರ್ವಕ್ಕೆ ಹೊರಟಿದೆ" ಅಂತ ಒಂದು ಮಾತು ಬಂದರೆ, ಅಟ್ಟಣೆ ಮೇಲೆ ಇರುವವರು ಇಳಿಯಬೇಕಾ ಬೇಡವಾ ಅಂತ ಆಗಲೇ ತೀರ್ಮಾನ ಮಾಡುತ್ತಾರೆ.

ಮೈಸೂರು ಆಕಾಶವಾಣಿ ಇದೆಯಲ್ಲ, ಅದರಲ್ಲೇ ಹೇಳಬಹುದಲ್ಲ ಅಂತ ಕೆಲವರು ಹೇಳಿದರು. ಆಕಾಶವಾಣಿ ಬಗ್ಗೆ ನನಗೆ ಗೌರವ ಇದೆ. ಆದರೆ ಅದರ ಅಳತೆ ದೊಡ್ಡದು. ಹಲವು ಜಿಲ್ಲೆಗೆ ಕೇಳುವ ರೇಡಿಯೋದಲ್ಲಿ ನಮ್ಮೂರ ಗೋಮಾಳದ ಹೆಸರು ಹೇಳಿದರೆ ಯಾರಿಗೆ ಅರ್ಥ ಆಗುತ್ತದೆ? ನಮಗೆ ಬೇಕಿರುವುದು ಹತ್ತು ಹನ್ನೆರಡು ಕಿಲೋಮೀಟರಿನ ರೇಡಿಯೋ. ಯಾವ ಹಳ್ಳ, ಯಾವ ತಿರುವು, ಯಾವ ಮಾರಿಗುಡಿ ಅಂತ ಹೇಳಿದ ತಕ್ಷಣ ಕಣ್ಣಿಗೆ ಕಟ್ಟುವಂಥದ್ದು. ಇಲ್ಲೊಂದು ಮಾತು. ಆಕಾಶವಾಣಿ ಅಂತ ಇವತ್ತು ದೇಶವೇ ಕರೆಯುವ ಆ ರೇಡಿಯೋ ಶುರುವಾಗಿದ್ದೂ ಸಣ್ಣದಾಗೇ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಮಾಡಿದರು. ಈಗಿನ ಸಮುದಾಯ ರೇಡಿಯೋಗೆ ಕೊಡುವ ಶಕ್ತಿ 100 ವ್ಯಾಟ್. ಅಂದರೆ ಗೋಪಾಲಸ್ವಾಮಿಯವರಿಗೆ ಇದ್ದಿದ್ದಕ್ಕಿಂತ ಮೂರು ಪಟ್ಟು ಜಾಸ್ತಿ. ಕಬಿನಿ ದಡಕ್ಕೆ ಅದು ಸಾಲದು ಅಂತ ಹೇಳೋಕೆ ಆಗಲ್ಲ ಅಲ್ವಾ.

ನಮ್ಮ ಸರಗೂರಿನಲ್ಲೇ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನವರ ಜನಧ್ವನಿ ರೇಡಿಯೋ 2012ರಿಂದ ಎಫ್‌ಎಂ 90.8ರಲ್ಲಿ ಬರುತ್ತಿದೆ. ನೀಲಗಿರಿಯ ಕೋಟಗಿರಿಯಲ್ಲಿ ಕೀಸ್ಟೋನ್ ಫೌಂಡೇಶನ್‌ನವರ ರೇಡಿಯೋ ಇದೆ. ವಯನಾಡಿನಲ್ಲಿ ಮಾಟ್ಟೊಲಿ. ಮ್ಯಾಪ್ ತೆಗೆದು ನೋಡಿ. ನಾಗರಹೊಳೆ, ಬಂಡೀಪುರ, ಮುದುಮಲೈ, ವಯನಾಡು ಅಂತ ನಾವು ನಾಲ್ಕು ಹೆಸರಿಟ್ಟ ಕಾಡು ಪ್ರಾಣಿಗಳಿಗೆ ಒಂದೇ. ಆ ಒಂದು ಕಾಡಿನ ಮೂರು ದಿಕ್ಕಿಗೆ ಮೂರು ಸಮುದಾಯ ರೇಡಿಯೋ ಆಗಲೇ ನಿಂತಿವೆ. ಯಾರೂ ಯೋಜನೆ ಮಾಡಿ ಹೀಗೆ ಇಟ್ಟಿದ್ದಲ್ಲ, ತಾನಾಗೇ ಆಗಿದೆ. ಟವರ್ ಇದೆ, ಮೈಕ್ ಇದೆ, ಊರಿನವರ ನಂಬಿಕೆಯೂ ಇದೆ. ಇಲ್ಲದಿರುವುದು ನಿಮ್ಮ ಕಚೇರಿಯಿಂದ ಹೊತ್ತಿಗೆ ಸರಿಯಾಗಿ ಬರುವ ಒಂದು ಫೋನ್ ಕರೆ.

ನಿಯಮದ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಬೇಸರದ ಭಾಗ, ಆದರೆ ಅಡಚಣೆ ಇರುವುದು ಇಲ್ಲೇ.

ಗಾಳಿಯಲ್ಲಿ ಹೋಗುವ ತರಂಗಾಂತರ ಜನರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. 2002ರಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ರೇಡಿಯೋ ನಡೆಸೋಕೆ ಅವಕಾಶ ಸಿಕ್ಕಿತು. ಸ್ವಯಂಸೇವಾ ಸಂಸ್ಥೆಗಳಿಗೆ ಸಿಕ್ಕಿದ್ದು 2006ರಲ್ಲಿ. ಅದಕ್ಕೂ ಮುಂಚೆ, 2003ರಲ್ಲೇ, ಕೋಲಾರ ಜಿಲ್ಲೆಯ ಬೂದಿಕೋಟೆಯವರು ಲೈಸೆನ್ಸ್ ಸಿಗದಿದ್ದಾಗ ಕೇಬಲ್ ತಂತಿಯಲ್ಲೇ ಮನೆಮನೆಗೆ ನಮ್ಮ ಧ್ವನಿ ಅಂತ ರೇಡಿಯೋ ಕೇಳಿಸಿದ್ದರು. ಗಾಳಿ ಕೊಡದಿದ್ದರೆ ತಂತಿ ಎಳೆಯುತ್ತೇವೆ ಅನ್ನುವ ಆ ಹಟ ನನಗೆ ಬಹಳ ಇಷ್ಟ. ಈಗ ದೇಶದಲ್ಲಿ 500ಕ್ಕೂ ಜಾಸ್ತಿ ಸಮುದಾಯ ರೇಡಿಯೋಗಳಿವೆ. ಆದರೆ ಒಂದು ತಡೆ ಹಾಗೇ ಉಳಿದಿದೆ. ಸುದ್ದಿ ಹೇಳುವ ಹಾಗಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದದ್ದು ಇದ್ದ ಹಾಗೆ ಬಿತ್ತರಿಸಬಹುದು, ಅಷ್ಟೇ.

ಹಾಗಾದರೆ "ಆನೆ ಬಂದಿದೆ" ಅನ್ನುವುದು ಸುದ್ದಿಯಾ? ಹವಾಮಾನ, ರಸ್ತೆ ಸಂಚಾರ, ಕರೆಂಟು ನೀರಿನ ಪ್ರಕಟಣೆ, ನೈಸರ್ಗಿಕ ವಿಕೋಪ, ಆರೋಗ್ಯದ ಎಚ್ಚರಿಕೆ, ಇವನ್ನು ಸ್ಥಳೀಯ ಆಡಳಿತ ಕೊಟ್ಟಾಗ ಸುದ್ದಿ ಅಂತ ಲೆಕ್ಕ ಹಾಕುವುದಿಲ್ಲ. ಕಾಡುಪ್ರಾಣಿ ಓಡಾಟ ಅಂತ ಆ ಪಟ್ಟಿಯಲ್ಲಿ ಬಿಡಿಸಿ ಬರೆದಿಲ್ಲ. ಪಟ್ಟಿಯ ಕೊನೆಗೆ "ಇತ್ಯಾದಿ" ಇದೆ, ಅದರೊಳಗೆ ಸೇರಿಸಿಕೊಳ್ಳಬಹುದು ಅಂತ ಧೈರ್ಯವಂತರು ಹೇಳುತ್ತಾರೆ. ಸಣ್ಣ ರೇಡಿಯೋ ನಡೆಸೋರಿಗೆ ಲೈಸೆನ್ಸಿನ ಭಯ ಇರುತ್ತದೆ. ಅವರನ್ನು "ಇತ್ಯಾದಿ" ಮೇಲೆ ನಿಲ್ಲಿಸಬೇಡಿ. ನಿಮ್ಮಿಂದ ಎರಡು ಕೆಲಸ ಆಗಬೇಕು. ಒಂದು, ಕಾಡುಪ್ರಾಣಿ ಓಡಾಟದ ಎಚ್ಚರಿಕೆ ಸಾರ್ವಜನಿಕ ಪ್ರಕಟಣೆ ಅಂತ ಸ್ಪಷ್ಟ ಮಾಡಿಕೊಡಿ ಎಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಬರೆಯಿರಿ. ಇನ್ನೊಂದು, ಅಲ್ಲಿಂದ ಉತ್ತರ ಬರುವವರೆಗೂ ಕಾಯದೆ, ವಲಯ ಅರಣ್ಯಾಧಿಕಾರಿಯ ಸಹಿಯಲ್ಲಿ ದಿನಾ ಪ್ರಕಟಣೆ ಕೊಡಿಸಿ. ಸಹಿ ಇದ್ದರೆ ರೇಡಿಯೋದವರ ಕೈಯಲ್ಲಿ ಒಂದು ಆಧಾರ ಇರುತ್ತದೆ.

ಬೆಟ್ಟ ಗುಡ್ಡದ ವಿಷಯವೂ ಇದೆ. ಎಫ್‌ಎಂ ನೇರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಅದರ ಹಿಂದಿನ ಊರಿಗೆ ಕೇಳಲ್ಲ. ಮಲೆ ಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಇರುವ ಪೋಡುಗಳಿಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಂಟೆನಾ 30 ಮೀಟರಿಗಿಂತ ಎತ್ತರ ಇರುವ ಹಾಗಿಲ್ಲ. ಆದರೆ ನೆಲ ಹಾಗಿದ್ದರೆ 250 ವ್ಯಾಟಿನವರೆಗೂ ಕೇಳಬಹುದು ಅಂತ 2006ರ ಮಾರ್ಗಸೂಚಿಯಲ್ಲೇ ಇತ್ತು. ಇದನ್ನು ಕೇಳುವ ಅರ್ಜಿಗೆ ಜೊತೆಯಾಗಿ ಅರಣ್ಯ ಇಲಾಖೆಯ ಒಂದು ಪತ್ರ ಇದ್ದರೆ ಅದರ ತೂಕವೇ ಬೇರೆ.

ಈಗ ನಿಮ್ಮ ಅಧಿಕಾರಿಗಳು ಹೇಳುವ ಆಕ್ಷೇಪಣೆ. ಪ್ರಾಣಿ ಎಲ್ಲಿದೆ ಅಂತ ರೇಡಿಯೋದಲ್ಲಿ ಹೇಳಿದರೆ ಬೇಟೆಗಾರರಿಗೂ ಕೇಳುತ್ತದಲ್ಲ? ಇದು ಸರಿಯಾದ ಮಾತು, ತಳ್ಳಿಹಾಕುವಂಥದ್ದಲ್ಲ. ಬೇಟೆಗಾರರಿಗಿಂತ ನನಗೆ ಜಾಸ್ತಿ ಚಿಂತೆ ನಮ್ಮ ಹುಡುಗರದು. ಹುಲಿ ಹೊಲದಲ್ಲಿ ಮಲಗಿದೆ ಅಂತ ಗೊತ್ತಾದರೆ ಅರ್ಧ ಗಂಟೆಯಲ್ಲಿ ಮುನ್ನೂರು ಜನ ಮೊಬೈಲ್ ಹಿಡಿದು ನಿಂತಿರುತ್ತಾರೆ. ಮರದ ಮೇಲೆ, ಟ್ರ್ಯಾಕ್ಟರ್ ಮೇಲೆ, ಮನೆ ಹೆಂಚಿನ ಮೇಲೆ. ಹೆದರಿದ ಪ್ರಾಣಿ ಯಾರ ಮೇಲಾದರೂ ಎರಗುತ್ತದೆ. ಅರಿವಳಿಕೆ ಕೊಡೋಕೆ ಬಂದ ಡಾಕ್ಟರಿಗೆ ಗುರಿ ಹಿಡಿಯೋಕೂ ಜಾಗ ಇರುವುದಿಲ್ಲ.

ಹಾಗಾಗಿ ಏನು ಹೇಳಬೇಕು, ಏನು ಹೇಳಬಾರದು ಅಂತ ಮೊದಲೇ ಕೂತು ಬರೆದುಕೊಳ್ಳಬೇಕು. ಕಾಡಿನ ಒಳಗಿರುವ ಪ್ರಾಣಿಯ ಬಗ್ಗೆ ಒಂದಕ್ಷರ ಬೇಡ. ಕಾಲರ್ ಕಳಿಸುವ ಲೊಕೇಶನ್ನನ್ನು ಇದ್ದ ಹಾಗೇ ಮೈಕಿನಲ್ಲಿ ಓದುವುದು ಬೇಡ. ಮರಿ ಇರುವ ಹುಲಿ, ಚಿರತೆಯ ಜಾಗ ಬೇಡವೇ ಬೇಡ. ಊರಿಗೆ, ಹೊಲಕ್ಕೆ, ರಸ್ತೆಗೆ ಹತ್ತಿರ ಬಂದಾಗ ಮಾತ್ರ ಹೇಳುವುದು. ಹೇಳುವಾಗಲೂ ಪ್ರಾಣಿ ನಿಂತ ಜಾಗವನ್ನೇ ಬೆರಳಿಟ್ಟು ತೋರಿಸದೆ, ಯಾವ ಕಡೆಗಿದೆ, ಜನ ಯಾವ ದಾರಿ ಬಿಡಬೇಕು ಅಂತ ಹೇಳುವುದು. "ಇವತ್ತು ರಾತ್ರಿ ಎಂಟರಿಂದ ಬೆಳಿಗ್ಗೆ ಆರರವರೆಗೆ ಕೆರೆ ಕೆಳಗಿನ ದಾರಿ ಬೇಡ, ಡೈರಿಗೆ ಹೋಗೋರು ಮೇಲಿನ ರಸ್ತೆಯಲ್ಲಿ ಜೊತೆಗೂಡಿ ಹೋಗಿ." ಇದರಲ್ಲಿ ಬೇಟೆಗಾರರಿಗೆ ಸಿಗುವುದು ಕಡಿಮೆ, ನಮಗೆ ಬೇಕಾದ್ದೆಲ್ಲ ಇದೆ. ಇನ್ನೊಂದು ಮುಖ್ಯ. ಅಪಾಯ ಮುಗಿದ ಮೇಲೆ ಮುಗಿಯಿತು ಅಂತಲೂ ಹೇಳಬೇಕು. ಅದನ್ನು ಹೇಳದಿದ್ದರೆ ನಾಲ್ಕನೇ ದಿನ ಎಚ್ಚರಿಕೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಸುಳ್ಳು ಸುದ್ದಿಗೂ ಇದೇ ಮದ್ದು. 2025ರ ಅಕ್ಟೋಬರ್, ನವೆಂಬರಿನಲ್ಲಿ ನಮ್ಮ ತಾಲ್ಲೂಕಿನಲ್ಲಿ ಹುಲಿ ದಾಳಿಗೆ ರೈತರು ಪ್ರಾಣ ಕಳೆದುಕೊಂಡರು. ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸುವ ಆದೇಶ ಬಂತು. ಅಂಥ ಹೊತ್ತಿನಲ್ಲಿ ಮೊಬೈಲಿನಲ್ಲಿ ಏನೇನು ಹರಿದಾಡುತ್ತದೆ ಅಂತ ಹೇಳಲೇಬೇಕಾ? ಎಲ್ಲಿಯದೋ ವಿಡಿಯೋ, ಯಾವುದೋ ವರ್ಷದ್ದು, ನಮ್ಮೂರಿನ ಹೆಸರು ಹಾಕಿ ಬರುತ್ತದೆ. ಹೆಂಗಸರು ಕೂಲಿಗೆ ಹೋಗುವುದು ಬಿಡುತ್ತಾರೆ, ಮಕ್ಕಳು ಸ್ಕೂಲಿಗೆ ಹೋಗಲ್ಲ. ಆಗ ಪರಿಚಯದ ದನಿಯೊಂದು, ದಿನಾ ಬೆಳಿಗ್ಗೆ ಮಾರುಕಟ್ಟೆ ದರ ಹೇಳುವ ಅದೇ ದನಿ, ಇದು ನಿಜ, ಇದು ಸುಳ್ಳು ಅಂತ ಹೇಳಿದರೆ ಊರು ನಂಬುತ್ತದೆ. ಪತ್ರಿಕಾ ಪ್ರಕಟಣೆಯನ್ನು ನಂಬುವುದಕ್ಕಿಂತ ಬೇಗ ನಂಬುತ್ತದೆ.

ಎಚ್ಚರಿಕೆ ಕೊಡುವುದಷ್ಟೇ ಆದರೆ ರೇಡಿಯೋ ಒಂದು ಸೈರನ್ ಆಗಿಬಿಡುತ್ತದೆ. ನನಗೆ ಅದರಿಂದ ಇನ್ನೂ ಬೇರೆ ಕೆಲಸ ಬೇಕಿದೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಒಟ್ಟಿಗೆ ಸತ್ತವು. ಹುಲಿ ಕೊಂದ ಹಸುವಿನ ಮೈಗೆ ವಿಷ ಹಾಕಿದ್ದರು. ಅದನ್ನು ಸಮರ್ಥಿಸೋಕೆ ನಾನು ತಯಾರಿಲ್ಲ. ಕಾನೂನು ಅದರ ಕೆಲಸ ಮಾಡಲಿ. ಆದರೆ ಹಸು ಹೋದ ದಿನ ಆ ಮನೆಯಲ್ಲಿ ಆಗುವ ಸಿಟ್ಟು ನಮಗೆಲ್ಲ ಗೊತ್ತಿರುವಂಥದ್ದು. ಆ ಸಿಟ್ಟಿನ ಹೊತ್ತಿನಲ್ಲಿ ಕೈಗೆ ಸಿಗುವುದು ಏನು? ಅಂಗಡಿಯಲ್ಲಿ ವಿಷ ಸಿಗುತ್ತದೆ. ಪರಿಹಾರದ ಅರ್ಜಿ ಎಲ್ಲಿ, ಹೇಗೆ, ಯಾವ ಫೋಟೋ ಬೇಕು, ಹಸುವನ್ನು ಎಷ್ಟು ಹೊತ್ತು ಅಲ್ಲೇ ಬಿಡಬೇಕು, ಪಶುವೈದ್ಯರು ಬರುವವರೆಗೆ ಏನು ಮಾಡಬೇಕು, ಇದು ಮಾತ್ರ ಗೊತ್ತಿರುವುದಿಲ್ಲ. ಇ-ಪರಿಹಾರ ಅಂತ ಕಂಪ್ಯೂಟರಿನ ವ್ಯವಸ್ಥೆ ಮಾಡಿದ್ದೀರಿ. ಒಳ್ಳೆಯದು. ಅದರ ಹೆಸರು ಕೇಳಿದವರು ನಮ್ಮ ಬೀದಿಯಲ್ಲಿ ಎಷ್ಟು ಜನ ಇದ್ದಾರೆ ಅಂತ ಬಂದು ನೋಡಿ.

2015ರಲ್ಲಿ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್‌ನವರು ಬಂಡೀಪುರ, ನಾಗರಹೊಳೆ ಸುತ್ತ ವೈಲ್ಡ್ ಸೇವೆ ಅಂತ ಶುರು ಮಾಡಿದರು. ಒಂದು ಉಚಿತ ನಂಬರು. ಬೆಳೆ ಹೋದರೆ, ದನ ಹೋದರೆ ಫೋನ್ ಮಾಡಬೇಕು. ಅವರ ಕಡೆಯವರು ಬಂದು ಅರ್ಜಿ ಹಾಕೋಕೆ ಸಹಾಯ ಮಾಡುತ್ತಾರೆ. ಅದು ನಡೆದದ್ದು ಯಾಕೆ ಅಂದರೆ ನಷ್ಟ ಆದ ದಿನವೇ ಒಬ್ಬ ಮನುಷ್ಯ ಮನೆಗೆ ಬಂದು ಮಾತಾಡಿಸುತ್ತಾನೆ. ರೇಡಿಯೋದಲ್ಲೂ ಹಾಗೇ ಮಾತಾಡಿಸುವ ಕೆಲಸ ಆಗಬೇಕು. ವಾರಕ್ಕೆ ಒಂದು ದಿನ ವಲಯ ಅರಣ್ಯಾಧಿಕಾರಿ ರೇಡಿಯೋ ಸ್ಟುಡಿಯೋದಲ್ಲಿ ಕೂರಲಿ. ಫೋನ್ ಬರಲಿ. "ಸರ್, ನನ್ನ ಬಾಳೆ ಹೋಗಿ ಏಳು ತಿಂಗಳಾಯಿತು, ಅರ್ಜಿ ಎಲ್ಲಿದೆ" ಅಂತ ಊರೆಲ್ಲ ಕೇಳುವ ಹಾಗೆ ಯಾರೋ ಕೇಳಲಿ. ಮೊದಲ ಎರಡು ಮೂರು ವಾರ ಬೈಗುಳವೇ ಬರುತ್ತದೆ, ಅದನ್ನು ಕೇಳಿಸಿಕೊಳ್ಳುವ ಅಧಿಕಾರಿಯನ್ನೇ ಕಳಿಸಿ. ಬೈದು ಮುಗಿದ ಮೇಲೆ ಜನ ವಿಷಯಕ್ಕೆ ಬರುತ್ತಾರೆ. ಎಲ್ಲಿ ಕರೆಂಟಿನ ತಂತಿ ಅಕ್ರಮವಾಗಿ ಬೇಲಿಗೆ ಹಾಕಿದ್ದಾರೆ, ಎಲ್ಲಿ ಹಂದಿಗೆ ಅಂತ ಉರುಳು ಕಟ್ಟಿದ್ದಾರೆ, ಇದನ್ನೂ ಹೇಳುತ್ತಾರೆ. ಹಂದಿಗೆ ಕಟ್ಟಿದ ಉರುಳಿಗೆ ಚಿರತೆ ಬೀಳುವುದು ನಿಮಗೆ ಹೊಸದಲ್ಲ.

ಯಾರು ಮಾತಾಡಬೇಕು ಅನ್ನುವುದೂ ಮುಖ್ಯ. ಇಲಾಖೆಯ ವಾಚರ್‌ಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು, ಸೋಲಿಗರು ಬಹಳ ಜನ. ಹೆಜ್ಜೆ ನೋಡಿ ಹೆಣ್ಣಾನೆಯೋ ಗಂಡಾನೆಯೋ, ಬೆಳಿಗ್ಗೆ ಹೋದದ್ದೋ ರಾತ್ರಿ ಹೋದದ್ದೋ ಅಂತ ಹೇಳುವವರು ಅವರು. ಆದರೆ ಕಾಡಿನ ಬಗ್ಗೆ ಮೈಕಿನಲ್ಲಿ ಮಾತಾಡುವಾಗ ಅವರು ಹಿಂದೆ ನಿಂತಿರುತ್ತಾರೆ, ಮುಂದೆ ಬೇರೆ ಯಾರೋ. ಸಮುದಾಯ ರೇಡಿಯೋದ ನಿಯಮದಲ್ಲೇ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯರು ಸೇರಿ ಮಾಡಿದ್ದಿರಬೇಕು ಅಂತ ಇದೆ, ಸ್ಥಳೀಯ ನುಡಿಯಲ್ಲಿದ್ದರೆ ಒಳ್ಳೆಯದು ಅಂತಲೂ ಇದೆ. ಹಾಡಿಯ ಹೆಂಗಸು ತನ್ನ ಜೇನುಕುರುಬ ನುಡಿಯಲ್ಲೇ ಆನೆ ಬಗ್ಗೆ ಹೇಳಲಿ. ಕಾಡಿನಿಂದ ಹೊರಗೆ ಕಳಿಸಿದ್ದರ ನೋವನ್ನೂ ಹೇಳಲಿ. ಅದು ನಿಮಗೆ ಕಿರಿಕಿರಿ ಆಗಬಹುದು. ಆದರೂ ಹೇಳಲಿ. ತನ್ನ ಮಾತು ಕೇಳುವ ರೇಡಿಯೋದ ಮಾತನ್ನೇ ಆ ಹಾಡಿಯೂ ಕೇಳುವುದು.

ಬೆಂಕಿ ಸಮಯಕ್ಕೂ ಇದು ಬೇಕು. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದಾಗ ಹೊಗೆ ನೋಡಿಕೊಂಡು ಕೂತವರಲ್ಲಿ ನಾವೂ ಇದ್ದೆವು. ಎಲ್ಲಿಗೆ ಬರಬೇಕು, ಏನು ತರಬೇಕು ಅಂತ ಹೇಳಿದ್ದರೆ ಇನ್ನೂ ಜಾಸ್ತಿ ಕೈಗಳು ಬರುತ್ತಿದ್ದವು. ಮಲೆನಾಡಿನಲ್ಲಾದರೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗೊತ್ತಾದ ಕಾಯಿಲೆ ಅದು, ಇನ್ನೂ ಬಿಟ್ಟಿಲ್ಲ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಇಂಥ ಕಡೆ ತಿಳಿಸಿ ಅನ್ನುವುದನ್ನು ಹೇಳೋಕೆ ಪೋಸ್ಟರಿಗಿಂತ ರೇಡಿಯೋ ವಾಸಿ.

ದುಡ್ಡಿನ ಲೆಕ್ಕ ಮಾಡಿಯೇ ಬರೆಯುತ್ತಿದ್ದೇನೆ. ಸಮುದಾಯ ರೇಡಿಯೋಗೆ ಸರ್ಕಾರಿ ಜಾಹೀರಾತಿನ ದರ 2024ರಿಂದ 10 ಸೆಕೆಂಡಿಗೆ 74 ರೂಪಾಯಿ. ಒಂದು ನಿಮಿಷಕ್ಕೆ 444. ದಿನಾ ಎರಡು ನಿಮಿಷದ ಪ್ರಕಟಣೆಗೆ 888. ವರ್ಷವಿಡೀ ಒಂದು ದಿನವೂ ಬಿಡದೆ ಕೊಟ್ಟರೂ 3,24,120 ರೂಪಾಯಿ. ರೈಲು ಕಂಬಿ ಬೇಲಿಗೆ ಒಂದು ಕಿಲೋಮೀಟರಿಗೆ ಒಂದು ಕೋಟಿಗೂ ಮೀರಿ ಖರ್ಚಾಗುತ್ತದೆ. ಬೇಲಿ ಬೇಡ ಅಂತ ಅಲ್ಲ. ಅದರ ಒಂದು ಕಿಲೋಮೀಟರಿನ ದುಡ್ಡಿನಲ್ಲಿ ಮೂವತ್ತು ವರ್ಷದ ಪ್ರಕಟಣೆ ಆಗುತ್ತದೆ ಅಂತ ತೋರಿಸಿದೆ, ಅಷ್ಟೇ. ಹುಲಿ ಸಂರಕ್ಷಿತ ಪ್ರದೇಶಗಳಿಗೆ ಹುಲಿ ಸಂರಕ್ಷಣಾ ಪ್ರತಿಷ್ಠಾನಗಳಿವೆ. ಪ್ರವಾಸಿಗರು ಕೊಟ್ಟ ದುಡ್ಡೂ ಅಲ್ಲಿಗೆ ಬರುತ್ತದೆ. ಹುಲಿ ನೋಡೋಕೆ ಬಂದವರ ದುಡ್ಡಿನಲ್ಲಿ, ಹುಲಿ ಪಕ್ಕದಲ್ಲೇ ಇರುವವರಿಗೆ ದಿನಕ್ಕೆ ಎರಡು ನಿಮಿಷ ಕೇಳುವುದು ಅತಿಯಾಯಿತಾ?

ಇಲ್ಲಿ ಒಂದು ಷರತ್ತು ನನ್ನ ಕಡೆಯಿಂದ. ದುಡ್ಡು ಕೊಡಿ, ಸಮಯ ಕೊಂಡುಕೊಳ್ಳಿ, ರೇಡಿಯೋವನ್ನು ಕೊಂಡುಕೊಳ್ಳಬೇಡಿ. ಅನುದಾನ ಅಂತ ಕೊಟ್ಟರೆ ನಾಳೆ ಬೆಳಿಗ್ಗೆಯಿಂದ ಅಧಿಕಾರಿಗಳ ಭಾಷಣ, ಸಪ್ತಾಹದ ಉದ್ಘಾಟನೆ, ಗಿಡ ನೆಟ್ಟ ಸುದ್ದಿ ಶುರುವಾಗುತ್ತದೆ. ಆಮೇಲೆ ಜನ ಸ್ಟೇಷನ್ ಬದಲಾಯಿಸುತ್ತಾರೆ, ಆನೆ ಬಂದ ದಿನ ಕೇಳೋಕೆ ಯಾರೂ ಇರಲ್ಲ. ದರಪಟ್ಟಿಯ ಪ್ರಕಾರ ಎರಡು ನಿಮಿಷದ ಬಿಲ್ಲು, ಅಷ್ಟಕ್ಕೇ ಸಂಬಂಧ. ಉಳಿದ ಹೊತ್ತಿನಲ್ಲಿ ರೇಡಿಯೋ ನಿಮ್ಮನ್ನು ಬೈದರೂ ಆ ಬಿಲ್ಲು ತಡೆಯಬಾರದು.

2023ರ ಗಣತಿಯಲ್ಲಿ ರಾಜ್ಯದಲ್ಲಿ 6,395 ಆನೆ ಅಂತ ಹೇಳಿದಿರಿ. 2022ರ ಅಂದಾಜಿನಲ್ಲಿ 563 ಹುಲಿ. ಈ ಅಂಕಿಯನ್ನು ವಿಧಾನಸೌಧದಲ್ಲಿ ಹೆಮ್ಮೆಯಿಂದ ಓದುತ್ತಾರೆ, ಓದಲಿ. ನಮಗೂ ಹೆಮ್ಮೆ ಇಲ್ಲ ಅಂತಲ್ಲ. ಅವುಗಳಲ್ಲಿ ಇವತ್ತು ಸಂಜೆ ಕಂದಕ ದಾಟಿದ್ದು ಯಾವುದು ಅಂತಲೂ ನಮಗೆ ಬೇಕು.

ಇದಕ್ಕೆ ಸಂಪುಟದ ಒಪ್ಪಿಗೆ ಬೇಡ, ಒಂದು ಪುಟದ ಸುತ್ತೋಲೆ ಸಾಕು. ಸಮುದಾಯ ರೇಡಿಯೋ ಕೇಳಿಸುವ ಎಲ್ಲ ವಲಯಗಳಲ್ಲಿ ದಿನಾ ಸಂಜೆ ಐದೂವರೆಗೆ ಮತ್ತು ಬೆಳಗಿನ ಜಾವ ನಾಲ್ಕೂವರೆಗೆ ರೇಡಿಯೋಗೆ ಮಾಹಿತಿ ಕೊಡಬೇಕು ಅಂತ ಬರೆಯಿರಿ. ಏನೂ ಇಲ್ಲದ ದಿನ "ಇವತ್ತು ಏನೂ ಇಲ್ಲ" ಅಂತ ಕೊಡಲಿ. ಕೊಡಬೇಕಾದವರು ಯಾರು ಅಂತ ಹುದ್ದೆಯ ಸಮೇತ ಅದರಲ್ಲಿ ಇರಲಿ. ಅವರು ರಜೆ ಹಾಕಿದರೆ ಯಾರು ಅಂತಲೂ ಇರಲಿ. ಇಲ್ಲದಿದ್ದರೆ ಆನೆ ಬರುವುದು ಸರಿಯಾಗಿ ಆ ರಜೆಯ ದಿನವೇ. ರೇಡಿಯೋ ಇಲ್ಲದ ತಾಲ್ಲೂಕುಗಳಲ್ಲಿ, ಅದರಲ್ಲೂ ಹನೂರು, ಗುಂಡ್ಲುಪೇಟೆ, ಆಲೂರು, ಸಕಲೇಶಪುರದ ಕಡೆ, ಅರ್ಜಿ ಹಾಕಲು ಮುಂದೆ ಬರುವ ಸಂಸ್ಥೆ, ಕೃಷಿ ವಿಜ್ಞಾನ ಕೇಂದ್ರ, ಕಾಲೇಜುಗಳಿಗೆ ಇಲಾಖೆ ಬೆಂಬಲ ಪತ್ರ ಕೊಡಲಿ. ಇಲಾಖೆಯ ವೈರ್‌ಲೆಸ್ ಕಂಬಗಳಿರುವ ಗುಡ್ಡದ ಮೇಲೆ ಆಂಟೆನಾಕ್ಕೆ ಜಾಗ ಕೇಳಿದರೆ, ಕಾಡು ಹಾಳಾಗದ ಹಾಗೆ ಕೊಡೋಕೆ ಆಗುತ್ತದಾ ಅಂತ ನೋಡಲಿ.

ನಮ್ಮ ಕಡೆ ನವೆಂಬರ್, ಡಿಸೆಂಬರಿನಲ್ಲಿ ರಾಗಿ ಕಟಾವು. ತೆನೆ ಬಲಿತ ವಾಸನೆಗೆ ಆನೆ ಬರುವುದು ಆಗಲೇ. ಸುತ್ತೋಲೆ ಅದಕ್ಕೂ ಮುಂಚೆ ಬರಲಿ, ಮೊದಲ ವರ್ಷ ಒಂದೇ ವಲಯದಲ್ಲಾದರೂ ಸರಿ. ಯಾವ ವಲಯ, ಎಂದಿನಿಂದ ಅಂತ ತಿಳಿಸಿದರೆ ಅಷ್ಟರೊಳಗೆ ಹಳ್ಳಿಹಳ್ಳಿಗೆ ಹೋಗಿ ಯಾವ ನಂಬರಿಗೆ ತಿರುಗಿಸಬೇಕು, ಎಷ್ಟು ಹೊತ್ತಿಗೆ ಹಾಕಬೇಕು ಅಂತ ಹೇಳುವ ಕೆಲಸ ಮಹಿಳಾ ಸಂಘಗಳ ಮೂಲಕ ನಾವೇ ಮಾಡುತ್ತೇವೆ.

ಇಂತಿ,
ಸರಗೂರು ತಾಲ್ಲೂಕಿನ ಕಾಡಂಚಿನ ಒಬ್ಬ ರೈತ ಮಹಿಳೆ